ಡಬ್ಬಿ, ಜಾಲರಿ, ಕಡ್ಡಿ: ಹೊರಗಿನ ಆಂಟೆನಾದ ಕಥೆ

2001ರ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ರಾಬ್ ಫ್ಲಿಕೆಂಗರ್ ಖಾಲಿಯಾದ ಪ್ರಿಂಗಲ್ಸ್ ಚಿಪ್ಸ್ ಡಬ್ಬಿಯಿಂದ ವೈಫೈ ಆಂಟೆನಾ ಕಟ್ಟಿದರು. ತಿರುಪು ಕೊರೆದ ಕಡ್ಡಿಯೊಂದು, ಅದಕ್ಕೆ ಪೋಣಿಸಿದ ಕೆಲವು ವಾಷರ್‌ಗಳು, ವಾಷರ್‌ಗಳ ನಡುವಿನ ಅಂತರ ಕಾಯಲು ಕತ್ತರಿಸಿದ ಪೈಪಿನ ತುಂಡುಗಳು, ಡಬ್ಬಿಯ ಪಕ್ಕೆಗೆ ತೂತು ಕೊರೆದು ಬಿಗಿದ ಕನೆಕ್ಟರ್, ಅದರ ಬೆನ್ನಿಗೆ ಬೆಸುಗೆ ಹಾಕಿದ ಮೋಟು ತಾಮ್ರದ ತಂತಿ. ಎಲ್ಲ ಸೇರಿ ಹತ್ತು ಡಾಲರೂ ಖರ್ಚಾಗಲಿಲ್ಲ. ಅಂಗಡಿಯಲ್ಲಿ ಇಂಥದೇ ಕೆಲಸದ ಆಂಟೆನಾಕ್ಕೆ ಆಗ ಅದರ ಹಲವು ಪಟ್ಟು ಬೆಲೆ. ತಮ್ಮೂರಿನ ಜನ ಸೇರಿ ಕಟ್ಟುತ್ತಿದ್ದ ಒಂದು ಸಾರ್ವಜನಿಕ ವೈಫೈ ಜಾಲಕ್ಕೆ ಅಗ್ಗದ ಆಂಟೆನಾ ಬೇಕಿತ್ತು ಎಂಬುದಷ್ಟೇ ಫ್ಲಿಕೆಂಗರ್ ಅವರ ಉದ್ದೇಶ. ಆದರೆ ಆ ಡಬ್ಬಿಯ ಚಿತ್ರ ಜಗತ್ತನ್ನೆಲ್ಲ ಸುತ್ತಿತು. ಲ್ಯಾಪ್‌ಟಾಪ್ ಹಿಡಿದು ಬೀದಿ ಬೀದಿಯ ಸಿಗ್ನಲ್ ಲೆಕ್ಕ ಹಾಕುವ ಹವ್ಯಾಸಿಗಳಿಗಂತೂ ಅದು ಒಂದು ಲಾಂಛನವೇ ಆಗಿಹೋಯಿತು.

ಡಬ್ಬಿ ಎಷ್ಟೇ ಪ್ರಸಿದ್ಧವಾದರೂ ಆಂಟೆನಾದ ದೃಷ್ಟಿಯಿಂದ ಅದು ಅಷ್ಟೇನೂ ಒಳ್ಳೆಯ ಆಯ್ಕೆಯಲ್ಲ. ಅದರ ವ್ಯಾಸ ಏಳು ಸೆಂಟಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ವೈಫೈ ಕೆಲಸ ಮಾಡುವ 2.4 ಗಿಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರ್. ಆ ಅಲೆ ದುಂಡನೆಯ ಲೋಹದ ಕೊಳವೆಯೊಳಗೆ ಸಲೀಸಾಗಿ ಸಾಗಬೇಕಾದರೆ ಕೊಳವೆಯ ಬಾಯಿ ಏಳೂವರೆಯಿಂದ ಒಂಬತ್ತು ಸೆಂಟಿಮೀಟರಿನಷ್ಟು ಇರಬೇಕು. ಅದಕ್ಕಿಂತ ಕಿರಿದಾದರೆ ಅಲೆ ಒಳಗೇ ಸತ್ತುಹೋಗುತ್ತದೆ, ತೀರ ಅಗಲವಾದರೆ ಬೇಡದ ಬಗೆಯ ಅಲೆಗಳೂ ಜೊತೆಗೆ ಹುಟ್ಟಿ ಕಲಸುಮೇಲೋಗರವಾಗುತ್ತದೆ. ಚಿಪ್ಸ್ ಡಬ್ಬಿ ಇದ್ದದ್ದು ಸರಿಯಾಗಿ ಈ ಗಡಿಯ ಮೇಲೆ. 2002ರಲ್ಲಿ ಗ್ರೆಗರಿ ರೆಮ್ ಎಂಬ ಇನ್ನೊಬ್ಬ ಹವ್ಯಾಸಿ ಮನೆಯಲ್ಲಿ ಕಟ್ಟಿದ ಆಂಟೆನಾಗಳನ್ನೆಲ್ಲ ಸಾಲಾಗಿ ಇಟ್ಟು ಅಳೆದರು. ಗೆದ್ದದ್ದು ಮಾಂಸದ ಸಾರು ತುಂಬಿ ಬರುವ ಮಾಮೂಲಿ ತಗಡಿನ ಡಬ್ಬಿ. ಅದಕ್ಕೆ ಕಡ್ಡಿ ಬೇಡ, ವಾಷರ್ ಬೇಡ. ಸರಿಯಾದ ಅಗಲ, ತಳದಿಂದ ಸರಿಯಾದ ದೂರದಲ್ಲಿ ಮೂರು ಸೆಂಟಿಮೀಟರಿನ ಒಂದು ತಂತಿ, ಇಷ್ಟಿದ್ದರೆ ಸಾಕು. ಹೆಸರು ಮಾತ್ರ ಚಿಪ್ಸ್ ಡಬ್ಬಿಗೇ ಉಳಿಯಿತು.

ಫ್ಲಿಕೆಂಗರ್ ಪೋಣಿಸಿದ ವಾಷರ್‌ಗಳ ಹಿಂದೆ ಮುಕ್ಕಾಲು ಶತಮಾನದ ಕಥೆಯಿದೆ. ಜಪಾನಿನ ಸೆಂಡಾಯ್ ಊರಿನ ತೊಹೊಕು ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಹಿದೆತ್ಸುಗು ಯಾಗಿ ಮತ್ತು ಅವರ ಕಿರಿಯ ಸಹೋದ್ಯೋಗಿ ಶಿಂತಾರೊ ಉಡಾ 1920ರ ದಶಕದ ನಡುವಿನಲ್ಲಿ ಒಂದು ವಿಚಿತ್ರ ಗಮನಿಸಿದ್ದರು. ಅಲೆಯನ್ನು ಹೊರಡಿಸುವ ಕಡ್ಡಿಯ ಮುಂದೆ, ಯಾವ ತಂತಿಯೂ ತಾಗದ ಹಾಗೆ, ಅದಕ್ಕಿಂತ ತುಸು ಗಿಡ್ಡನೆಯ ಕಡ್ಡಿಗಳನ್ನು ಸಾಲಾಗಿ ನಿಲ್ಲಿಸಿದರೆ ಅಲೆ ಆ ಸಾಲಿನ ಗುಂಟ ಮುಂದಕ್ಕೆ ಓಡುತ್ತದೆ. ಹಿಂದೆ ತುಸು ಉದ್ದನೆಯದೊಂದನ್ನು ನಿಲ್ಲಿಸಿದರೆ ಹಿಂದಕ್ಕೆ ಹೋಗಬೇಕಾದದ್ದೂ ಮುಂದಕ್ಕೇ ತಿರುಗುತ್ತದೆ. ವಿದ್ಯುತ್ತಿಗೂ ಆ ಕಡ್ಡಿಗಳಿಗೂ ನೇರ ಸಂಬಂಧವೇ ಇಲ್ಲ, ಇದ್ದಲ್ಲಿ ಇದ್ದುಕೊಂಡೇ ಅವು ದಿಕ್ಕು ತೋರಿಸುತ್ತವೆ. ಡಬ್ಬಿಯ ವಾಷರ್‌ಗಳಿಗೆ ವಹಿಸಿದ್ದೂ ಇದೇ ಕೆಲಸ. ಪ್ರಯೋಗದ ಹೆಚ್ಚಿನ ಭಾಗ ಉಡಾ ಅವರದು. 1926ರ ಪೇಟೆಂಟ್ ಯಾಗಿ ಅವರ ಹೆಸರಿನಲ್ಲಿ ಮಾತ್ರ. 1928ರಲ್ಲಿ ಅಮೆರಿಕದ ಪತ್ರಿಕೆಗೆ ಇಂಗ್ಲಿಷಿನಲ್ಲಿ ಬರೆದವರೂ ಯಾಗಿ. ಉಡಾ ಅವರ ಕೆಲಸವನ್ನು ಆ ಲೇಖನ ಧಾರಾಳವಾಗಿ ನೆನೆದರೂ ಜಗತ್ತಿನ ನಾಲಿಗೆಯಲ್ಲಿ ಉಳಿದದ್ದು ಒಂದೇ ಹೆಸರು. ಕನ್ನಡದ ಟಿವಿ ಮೆಕ್ಯಾನಿಕ್ ಕೂಡ ‘ಯಾಗಿ’ ಅಂದಾನೇ ಹೊರತು ‘ಉಡಾ’ ಅನ್ನಲಾರ.

ಜಪಾನಿನಲ್ಲೇ ಈ ಆಂಟೆನಾವನ್ನು ಯಾರೂ ಕ್ಯಾರೇ ಅನ್ನಲಿಲ್ಲ. 1942ರ ಫೆಬ್ರುವರಿಯಲ್ಲಿ ಸಿಂಗಪುರ ಬಿದ್ದಾಗ ಜಪಾನಿ ಸೇನೆಯ ಕೈಗೆ ಬ್ರಿಟಿಷರ ರೇಡಾರ್ ಉಪಕರಣಗಳೂ ನ್ಯೂಮನ್ ಎಂಬ ಸೈನಿಕನ ಟಿಪ್ಪಣಿ ಪುಸ್ತಕವೂ ಸಿಕ್ಕವು. ಅದರಲ್ಲಿ ಪುಟಪುಟಕ್ಕೂ ‘ಯಾಗಿ’ ಎಂಬ ಪದ. ಅದನ್ನು ಹೇಗೆ ಉಚ್ಚರಿಸುವುದೆಂದೂ ಜಪಾನಿ ಇಂಜಿನಿಯರುಗಳಿಗೆ ತಿಳಿಯಲಿಲ್ಲ. ಸೆರೆಸಿಕ್ಕ ಆ ಸೈನಿಕನನ್ನೇ ಕೇಳಿದಾಗ, ಇದು ನಿಮ್ಮ ದೇಶದ ಪ್ರೊಫೆಸರರ ಹೆಸರು ಎಂಬ ಉತ್ತರ ಬಂತು. ಮೂರು ವರ್ಷದ ಮೇಲೆ ಹಿರೋಶಿಮಾದ ಮೇಲೆ ಬಿದ್ದ ಬಾಂಬಿನ ಎತ್ತರ ಅಳೆದ ರೇಡಾರಿಗೂ ಯಾಗಿ ಆಂಟೆನಾಗಳೇ ಇದ್ದವು. ಸ್ವಂತ ಊರಿನಲ್ಲಿ ಉಪೇಕ್ಷೆಗೆ ಗುರಿಯಾದ ವಿದ್ಯೆ ಇಷ್ಟು ಘೋರವಾಗಿ ತಿರುಗಿ ಬಂದ ಉದಾಹರಣೆ ವಿಜ್ಞಾನದ ಚರಿತ್ರೆಯಲ್ಲಿ ಹೆಚ್ಚಿಲ್ಲ. ಉಡಾ ಯುದ್ಧದ ನಂತರ ಭಾರತಕ್ಕೂ ಬಂದಿದ್ದರು ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. 1950ರ ದಶಕದ ನಡುವಿನಲ್ಲಿ ಅವರು ಯುನೆಸ್ಕೊ ತಜ್ಞರಾಗಿ ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಕೆಲಸ ಮಾಡಿದರು.

ದಿಕ್ಕು ಹಿಡಿಯುವ ಆಂಟೆನಾದ ಬೇರು ಯಾಗಿಗಿಂತಲೂ ಹಳೆಯದು. ರೇಡಿಯೊ ಅಲೆಗಳನ್ನು ಮೊದಲು ತೋರಿಸಿಕೊಟ್ಟ ಹೈನ್ರಿಕ್ ಹರ್ಟ್ಸ್ 1888ರಲ್ಲೇ ಸತುವಿನ ಹಾಳೆಗಳನ್ನು ಆಳೆತ್ತರದ ಬಾಗಿದ ಕನ್ನಡಿಗಳಂತೆ ನಿಲ್ಲಿಸಿ ಅಲೆಯನ್ನು ಒಂದೆಡೆಗೆ ತಿರುಗಿಸಿದ್ದರು. ಕಲ್ಕತ್ತದಲ್ಲಿ ಜಗದೀಶಚಂದ್ರ ಬೋಸ್ ಅವರು ಐದು ಮಿಲಿಮೀಟರಿನಷ್ಟು ಪುಟ್ಟ ಅಲೆಗಳನ್ನು ಹಿಡಿಯಲು ಆಲಿಕೆಯಂಥ ಲೋಹದ ಬಾಯಿ ಮಾಡಿಸಿ, 1897ರ ಜನವರಿಯಲ್ಲಿ ಅದನ್ನು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ತೋರಿಸಿದರು. ಇಂದಿನ ಹಾರ್ನ್ ಆಂಟೆನಾದ ಅಜ್ಜ ಅದು. ಮಾರ್ಕೋನಿ ಹಿಡಿದದ್ದು ಬೇರೆಯೇ ದಾರಿ. ಉದ್ದನೆಯ ಅಲೆ, ಉದ್ದನೆಯ ತಂತಿ. 1901ರ ಡಿಸೆಂಬರಿನಲ್ಲಿ ನ್ಯೂಫೌಂಡ್‌ಲೆಂಡಿನ ಗುಡ್ಡದ ಮೇಲೆ ಗಾಳಿಪಟಕ್ಕೆ ನೂರೈವತ್ತು ಮೀಟರ್ ತಂತಿ ಕಟ್ಟಿ ಅಟ್ಲಾಂಟಿಕ್ಕಿನಾಚೆಯ ಸದ್ದಿಗೆ ಕಿವಿಗೊಟ್ಟರು. ವ್ಯಾಪಾರ ಅವರನ್ನು ಹಿಂಬಾಲಿಸಿತು. ಪುಟ್ಟ ಅಲೆಗಳು ಮೂವತ್ತು ವರ್ಷ ಮೂಲೆಗೆ ಬಿದ್ದವು.

ಇಷ್ಟೆಲ್ಲ ರೂಪಗಳಿದ್ದರೂ ಆಂಟೆನಾ ಒಂದು ಚೂರು ಶಕ್ತಿಯನ್ನೂ ಹೊಸದಾಗಿ ಹುಟ್ಟಿಸುವುದಿಲ್ಲ. ಟಾರ್ಚಿನ ಬಲ್ಬಿನ ಹಿಂದಿರುವ ಹೊಳೆಯುವ ಬಟ್ಟಲಿನ ಹಾಗೆ, ಸುತ್ತಲೂ ಚೆಲ್ಲಿಹೋಗುವುದನ್ನು ಒಂದು ಕಡೆಗೆ ಕೂಡಿಸುತ್ತದೆ. ಅಂಗಡಿಯವರು ‘ಗೇನ್’ ಎಂದು ಡಿಬಿಐ ಲೆಕ್ಕದಲ್ಲಿ ಹೇಳುವುದು ಇದನ್ನೇ. ಹನ್ನೆರಡು ಡಿಬಿಐ ಅಂದರೆ ಒಂದು ದಿಕ್ಕಿನಲ್ಲಿ ಹದಿನಾರು ಪಟ್ಟು, ಇಪ್ಪತ್ತನಾಲ್ಕು ಅಂದರೆ ಸುಮಾರು ಇನ್ನೂರೈವತ್ತು ಪಟ್ಟು. ಉಳಿದ ದಿಕ್ಕುಗಳು ಆ ಮಟ್ಟಿಗೆ ಬಡವಾಗುತ್ತವೆ. ವೈಫೈ ಸಿಗ್ನಲ್‌ಗಳ ಸರ್ವೆಗೆ ಹೊರಟವರು ಮೊದಲು ಅರಿಯಬೇಕಾದದ್ದು ಈ ಕೊಡು–ಕೊಳ್ಳುವ ಲೆಕ್ಕ.

ಕರ್ನಾಟಕದ ಹಳ್ಳಿಗಳಿಗೆ ದಿಕ್ಕು ನೋಡುವ ಆಂಟೆನಾ ಬಂದದ್ದು ಕೋಳಿ ಜಾಲರಿಯ ರೂಪದಲ್ಲಿ. 1975ರ ಆಗಸ್ಟ್ ಒಂದರಿಂದ ಒಂದು ವರ್ಷ ಕಾಲ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್–6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಇಳಿಯಿತು. ನಮ್ಮಲ್ಲಿ ಆರಿಸಿದ್ದು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳನ್ನು. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಶಾಲೆಯ ಅಥವಾ ಪಂಚಾಯಿತಿಯ ಅಂಗಳದಲ್ಲಿ ಮೂರು ಮೀಟರ್ ಅಗಲದ ಬಟ್ಟಲೊಂದು ಆಕಾಶಕ್ಕೆ ಮುಖಮಾಡಿ ನಿಂತಿರುತ್ತಿತ್ತು. ಬಟ್ಟಲಿನ ಮೈಗೆ ಬಿಗಿದದ್ದು ಕೋಳಿಗೂಡಿಗೆ ಹಾಕುವ ತಂತಿ ಜಾಲರಿ. ಬಡತನದ ರಾಜಿ ಅದಲ್ಲ, ಒಳ್ಳೆಯ ಇಂಜಿನಿಯರಿಂಗ್. ಉಪಗ್ರಹದ ಅಲೆಯ ಉದ್ದ ಮೂವತ್ತೈದು ಸೆಂಟಿಮೀಟರ್, ಜಾಲರಿಯ ಕಣ್ಣು ಅದರ ಮುಂದೆ ಲೆಕ್ಕಕ್ಕೇ ಇಲ್ಲ. ಅಲೆಯ ಪಾಲಿಗೆ ಅದು ಗಟ್ಟಿ ತಗಡು, ಗಾಳಿಯ ಪಾಲಿಗೆ ತೆರೆದ ಕಿಟಕಿ. ಬಯಲುಸೀಮೆಯ ಗಾಳಿಗೆ ಗಟ್ಟಿ ತಗಡಿನ ಬಟ್ಟಲು ನಿಲ್ಲುವುದೇ ಕಷ್ಟವಿತ್ತು.

ಪ್ರಯೋಗ ಮುಗಿದು ಉಪಗ್ರಹ ಸರಿದುಹೋದ ಮೇಲೆ, 1977ರ ಸೆಪ್ಟೆಂಬರಿನಲ್ಲಿ ಗುಲ್ಬರ್ಗದಲ್ಲಿ ನೆಲದ ಮೇಲಿನ ಟಿವಿ ಕೇಂದ್ರ ಶುರುವಾಯಿತು. ರಾಜಧಾನಿ ಬೆಂಗಳೂರು 1981ರ ನವೆಂಬರಿನವರೆಗೆ ಕಾಯಬೇಕಾಯಿತು. ಹೊಸದೆಲ್ಲ ಮೊದಲು ಬೆಂಗಳೂರಿಗೆ ಎಂಬ ನಂಬಿಕೆಗೆ ಇದೊಂದು ಅಪರೂಪದ ಅಪವಾದ.

1984ರಲ್ಲಿ ದೇಶದಲ್ಲಿ ದಿನಕ್ಕೊಂದರಂತೆ ಮರುಪ್ರಸಾರ ಕೇಂದ್ರಗಳು ಎದ್ದಾಗ ಊರೂರಿನ ಹೆಂಚಿನ ಮಾಡುಗಳ ಮೇಲೆ ಅಲ್ಯೂಮಿನಿಯಂ ಕಡ್ಡಿಗಳ ಕಾಡು ಬೆಳೆಯಿತು. ಜಿಐ ಪೈಪು, ಅದರ ತುದಿಗೆ ಯಾಗಿ, ಅಲ್ಲಿಂದ ಗೋಡೆಯ ಗುಂಟ ಇಳಿಯುವ ಚಪ್ಪಟೆ ವೈರು. ಒಬ್ಬ ಮಾಡಿನ ಮೇಲೆ ಪೈಪು ತಿರುಗಿಸುತ್ತಾನೆ, ಇನ್ನೊಬ್ಬ ಕಿಟಕಿಯಲ್ಲಿ ತಲೆ ಹಾಕಿ ಟಿವಿ ನೋಡುತ್ತಾನೆ. “ಬಂತಾ?” “ಇಲ್ಲ, ಇನ್ನೂ ಸ್ವಲ್ಪ.” “ಈಗ?” “ಬಂತು ಬಂತು... ಅಯ್ಯೋ, ಹೋಯ್ತು. ಹಿಂದಕ್ಕೆ ತಿರುಗ್ಸೋ!” ಕಾಗೆಯೊಂದು ಕೂತರೆ ಪರದೆಯ ಮೇಲೆ ಅಕ್ಕಿ ಚೆಲ್ಲಿದ ಹಾಗೆ ಚುಕ್ಕಿ. ಮುಸುವ ಹಾರಿಹೋದರೆ ಮತ್ತೆ ಮೊದಲಿನಿಂದ. ಮಲೆನಾಡಿನ ಕಣಿವೆಯ ಮನೆಗಳವರು ಹಿತ್ತಿಲಾಚೆಯ ಗುಡ್ಡದ ನೆತ್ತಿಯ ಮೇಲೆ ಆಂಟೆನಾ ನೆಟ್ಟು ಅಲ್ಲಿಂದ ಮನೆವರೆಗೆ ವೈರು ಎಳೆದು, ದಾರಿಯಲ್ಲಿ ಸಿಗ್ನಲ್ ಸೊರಗದಿರಲಿ ಎಂದು ಬೂಸ್ಟರ್ ಹಾಕಿದರು. ಆ ಬೂಸ್ಟರನ್ನು ಟಿವಿಯ ಬದಿಗಲ್ಲ, ಆಂಟೆನಾದ ಬುಡಕ್ಕೇ ಕಟ್ಟಬೇಕು ಎಂಬುದು ಅನುಭವದಿಂದ ಬಂದ ಅರಿವು. ವೈರಿನಲ್ಲಿ ಸೋರಿಹೋದ ಸಿಗ್ನಲನ್ನು ಕೊನೆಯಲ್ಲಿ ಹಿಗ್ಗಿಸಿದರೆ ಹಿಗ್ಗುವುದು ಗದ್ದಲವೇ. ವೈಫೈ ಮಂದಿ ಇದೇ ಪಾಠವನ್ನು ಇಪ್ಪತ್ತು ವರ್ಷಗಳ ನಂತರ ದುಡ್ಡು ಕೊಟ್ಟು ಕಲಿತರು.

ಆಂಟೆನಾವನ್ನು ಮಾಡಿನಿಂದ ಇಳಿಸಿ ಕೈಯಲ್ಲಿ ಹಿಡಿದು ನಡೆದವರದ್ದು ಇನ್ನೊಂದು ಪರಂಪರೆ. ಕದ್ದು ಪ್ರಸಾರ ಮಾಡುವವರನ್ನು ಹುಡುಕುವುದು ಅದರ ಮೊದಲ ಕಸುಬು. ಯುದ್ಧಕಾಲದಲ್ಲಿ ಬಳೆಯಾಕಾರದ ಆಂಟೆನಾ ತಿರುಗಿಸುತ್ತ ಗೂಢಚಾರರ ಟ್ರಾನ್ಸ್‌ಮಿಟರುಗಳನ್ನು ಪತ್ತೆ ಮಾಡುತ್ತಿದ್ದರು. 1952ರಲ್ಲಿ ಬ್ರಿಟನ್ನಿನ ಅಂಚೆ ಇಲಾಖೆ ಲೈಸೆನ್ಸ್ ಇಲ್ಲದ ಟಿವಿಗಳನ್ನು ಹಿಡಿಯಲು ನೆತ್ತಿಯ ಮೇಲೆ ಆಂಟೆನಾ ಹೊತ್ತ ವ್ಯಾನುಗಳನ್ನೇ ಬೀದಿಗಿಳಿಸಿತು. ನಮ್ಮಲ್ಲೂ ರೇಡಿಯೊಗೆ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟುವ ಕಾಲ 1980ರ ದಶಕದ ನಡುವಿನವರೆಗೂ ಇತ್ತು. ಆದರೆ ಇಲ್ಲಿನ ಇನ್‌ಸ್ಪೆಕ್ಟರರಿಗೆ ವ್ಯಾನು ಬೇಕಿರಲಿಲ್ಲ, ರೇಡಿಯೊ ಸದ್ದು ಬೀದಿಗೇ ಕೇಳುತ್ತಿತ್ತು.

ಇದೇ ಕಸುಬನ್ನು ಆಟವಾಗಿಸಿದವರು ಹ್ಯಾಮ್ ರೇಡಿಯೊದವರು. ಬಚ್ಚಿಟ್ಟ ಪುಟ್ಟ ಟ್ರಾನ್ಸ್‌ಮಿಟರೊಂದನ್ನು ಆಂಟೆನಾ ಹಿಡಿದು ಹುಡುಕುವ ಈ ‘ಫಾಕ್ಸ್ ಹಂಟ್’ ಬೆಂಗಳೂರಿನ ಹ್ಯಾಮ್‌ಗಳಿಗೂ ಅಚ್ಚುಮೆಚ್ಚು. ಪಿವಿಸಿ ಪೈಪಿನ ಮೇಲೆ ಉಕ್ಕಿನ ಟೇಪ್ ಅಳತೆಯ ಮೂರು ತುಂಡು ಕಟ್ಟಿದರೆ ಮಡಚಿ ಚೀಲಕ್ಕೆ ಹಾಕಬಹುದಾದ ಯಾಗಿ ಸಿದ್ಧ. ಪೊದೆಗೆ ತಾಗಿದರೂ ಬಾಗಿ ನೆಟ್ಟಗಾಗುತ್ತದೆ. ಹೊಸಬರು ಸಿಗ್ನಲ್ ಜೋರಾದ ದಿಕ್ಕಿಗೇ ಓಡುತ್ತಾರೆ. ಪಳಗಿದವರು ಸಿಗ್ನಲ್ ಪೂರ್ತಿ ಸಾಯುವ ದಿಕ್ಕನ್ನು ಗುರುತು ಹಾಕಿಕೊಳ್ಳುತ್ತಾರೆ, ಯಾಕೆಂದರೆ ಜೋರು ಎಂಬುದು ಅಗಲವಾಗಿ ಹರಡಿರುತ್ತದೆ, ಮೌನ ಮಾತ್ರ ಕಿರಿದು. ಬಳೆ ಆಂಟೆನಾದಲ್ಲಂತೂ ಕೆಲಸ ನಡೆಯುವುದೇ ಮೌನದಿಂದ. ಟ್ರಾನ್ಸ್‌ಮಿಟರ್ ತೀರ ಹತ್ತಿರ ಬಂದಾಗ ಇನ್ನೊಂದು ಫಜೀತಿ. ಎತ್ತ ತಿರುಗಿಸಿದರೂ ಮೀಟರಿನ ಮುಳ್ಳು ತುದಿಗೇ ಅಂಟಿಕೊಳ್ಳುತ್ತದೆ. ಆಗ ಸಿಗ್ನಲ್ಲನ್ನು ಬೇಕೆಂದೇ ತಗ್ಗಿಸುವ ಅಟೆನ್ಯುಯೇಟರ್ ಹಾಕಬೇಕು. ಅದಿಲ್ಲದಿದ್ದರೆ ಆಂಟೆನಾ ಕಳಚಿ, ರೇಡಿಯೊವನ್ನು ಎದೆಗವಚಿ ನಿಧಾನ ತಿರುಗಿದರೂ ಆದೀತು. ಮೈ ಅಡ್ಡ ಬಂದಾಗ ಸದ್ದು ಕುಗ್ಗುತ್ತದೆ, ಅಂದರೆ ನರಿ ಬೆನ್ನ ಹಿಂದಿದೆ.

ಹೀಗೆ ಹುಡುಕುವ ವಿದ್ಯೆ ಕಾಡಿಗೆ ಹೋದದ್ದು 1960ರ ದಶಕದ ಆರಂಭದಲ್ಲಿ, ಅಮೆರಿಕದಲ್ಲಿ. ಯೆಲ್ಲೊಸ್ಟೋನಿನ ಕರಡಿಗಳ ಕೊರಳಿಗೆ ಕ್ರೇಗ್‌ಹೆಡ್ ಸಹೋದರರು ರೇಡಿಯೊ ಕಟ್ಟಿದರು. 1973ರ ಕೊನೆಗೆ ನೇಪಾಳದ ಚಿತ್ವನ್‌ನಲ್ಲಿ ಹುಲಿಗಳಿಗೂ ಅದು ಬಂತು. ಕರ್ನಾಟಕದ ನಾಗರಹೊಳೆಯಲ್ಲಿ ಕೆ. ಉಲ್ಲಾಸ ಕಾರಂತರು 1990ರಲ್ಲಿ ಹುಲಿಗಳಿಗೆ ರೇಡಿಯೊ ಕಾಲರ್ ತೊಡಿಸಿದರು. ಇಂಥ ಕಾಲರುಗಳು ಸಾಮಾನ್ಯವಾಗಿ 150 ಮೆಗಾಹರ್ಟ್ಸ್ ಆಸುಪಾಸಿನವು, ಅಲೆಯ ಉದ್ದ ಎರಡು ಮೀಟರ್. ಆದ್ದರಿಂದ ಕೈಯಲ್ಲಿ ಹಿಡಿಯುವ ಯಾಗಿಯ ಕಡ್ಡಿಗಳೂ ತೋಳಿನುದ್ದಕ್ಕೆ ಚಾಚಿರುತ್ತವೆ, ಬಿದಿರು ಮೆಳೆಯ ನಡುವೆ ನುಗ್ಗಲು ಬಿಡುವುದಿಲ್ಲ. ಜೀಪಿನ ಮೇಲೋ ಮರದ ಮೇಲೋ ಆನೆಯ ಬೆನ್ನಿನ ಮೇಲೋ ಹತ್ತಿ ಹಿಡಿದರೆ ಹೆಡ್‌ಫೋನಿನಲ್ಲಿ ಟಿಕ್, ಟಿಕ್. ಒಂದು ಜಾಗದಿಂದ ದಿಕ್ಕು ಗುರುತಿಸಿ ಕಾಂಪಾಸಿನ ಅಂಕಿ ಬರೆದುಕೊಳ್ಳಬೇಕು, ಬೇಗ ಇನ್ನೊಂದು ಜಾಗಕ್ಕೆ ಹೋಗಿ ಇನ್ನೊಂದು ಅಂಕಿ. ನಕ್ಷೆಯ ಮೇಲೆ ಎರಡು ಗೆರೆ ಕೂಡುವಲ್ಲಿ ಹುಲಿ. ಆದರೆ ಹುಲಿ ಅಷ್ಟು ಹೊತ್ತು ಅಲ್ಲೇ ಕೂತಿರಬೇಕಲ್ಲ! ಗುಡ್ಡವಿದ್ದರೆ ಅಲೆ ಅದಕ್ಕೆ ಬಡಿದು ಪ್ರತಿಧ್ವನಿಸಿ, ಹುಲಿಯೇ ಇಲ್ಲದ ಕಣಿವೆಯನ್ನು ತೋರಿಸುವುದೂ ಉಂಟು. ಹಾಗಾಗಿ ಎರಡು ಗೆರೆ ನಂಬಿದವರಿಗಿಂತ ಮೂರನೆಯದನ್ನೂ ಎಳೆದವರ ನಕ್ಷೆಗೆ ಬೆಲೆ ಹೆಚ್ಚು.

ಈಗ ವೈಫೈಗೆ ಬರೋಣ. 1985ರಲ್ಲಿ ಅಮೆರಿಕದ ಸಂಪರ್ಕ ಆಯೋಗ ಎಫ್‌ಸಿಸಿಯು ಮೈಕ್ರೊವೇವ್ ಒಲೆಯಂಥ ಉಪಕರಣಗಳಿಗೆ ಬಿಟ್ಟಿದ್ದ ಕೆಲವು ತರಂಗಪಟ್ಟಿಗಳನ್ನು ಲೈಸೆನ್ಸ್ ಇಲ್ಲದ ರೇಡಿಯೊಗಳಿಗೂ ತೆರೆಯಿತು. 2.4 ಗಿಗಾಹರ್ಟ್ಸ್ ಅದರಲ್ಲೊಂದು. ಯಾರೂ ಬಯಸದ ಕಸದ ಪಟ್ಟಿ ಎನ್ನಿಸಿಕೊಂಡಿದ್ದ ಅದರ ಮೇಲೆ 1997ರಲ್ಲಿ ಮೊದಲ ವೈಫೈ ಮಾನಕ ಹುಟ್ಟಿತು, 1999ರಲ್ಲಿ 11 ಮೆಗಾಬಿಟ್ ವೇಗದ ಅದರ ‘ಬಿ’ ಆವೃತ್ತಿ ಬಂತು. ಲ್ಯಾಪ್‌ಟಾಪಿನ ಪಕ್ಕದ ಸೀಳಿಗೆ ತೂರಿಸುವ ಕಾರ್ಡುಗಳ ಕಾಲ. ಲೂಸೆಂಟ್ ಕಂಪನಿಯ ಕಾರ್ಡಿನ ಮೂತಿಯಲ್ಲಿ ಹೊರಗಿನ ಆಂಟೆನಾ ಸಿಕ್ಕಿಸಲು ಕಡಲೆಕಾಳಿಗಿಂತ ಚಿಕ್ಕದೊಂದು ತೂತಿತ್ತು. ಸರ್ವೆ ಮಾಡುವವರು ಆ ಕಾರ್ಡಿಗೆ ಮುಗಿಬಿದ್ದದ್ದು ಆ ತೂತಿಗಾಗಿ.

2001ರ ಜುಲೈನಲ್ಲಿ ಲಾಸ್ ವೇಗಾಸಿನ ಡೆಫ್‌ಕಾನ್ ಎಂಬ ಹ್ಯಾಕರ್‌ಗಳ ಸಮ್ಮೇಳನದಲ್ಲಿ ಪೀಟರ್ ಶಿಪ್ಲಿ ಎಂಬವರು ತಮ್ಮ ಸರ್ವೆಯ ಫಲ ಮುಂದಿಟ್ಟರು. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ಕಾರಿನಲ್ಲಿ ಓಡಾಡುತ್ತ, ನೆತ್ತಿಯ ಮೇಲೆ ಆಂಟೆನಾ, ಪಕ್ಕದ ಸೀಟಿನಲ್ಲಿ ಲ್ಯಾಪ್‌ಟಾಪು ಮತ್ತು ಜಿಪಿಎಸ್ ಇಟ್ಟುಕೊಂಡು ಅವರು ಗುರುತಿಸಿದ ವೈಫೈಗಳಲ್ಲಿ ಬಹುಪಾಲಿಗೆ ಬೀಗವೇ ಇರಲಿಲ್ಲ. ಅದೇ ವರ್ಷ ನೆಟ್‌ಸ್ಟಂಬ್ಲರ್, ಕಿಸ್ಮೆಟ್ ಎಂಬ ಪುಕ್ಕಟೆ ತಂತ್ರಾಂಶಗಳು ಬಂದವು. ಸಿಕ್ಕ ವೈಫೈಗಳನ್ನು ನಕ್ಷೆಗೆ ಏರಿಸುವ ವಿಗಲ್ ತಾಣವೂ ಶುರುವಾಯಿತು. ಕಾರಿನಲ್ಲಿ ಓಡಾಡುತ್ತ ವೈಫೈ ಹುಡುಕುವ ‘ವಾರ್‌ಡ್ರೈವಿಂಗ್’ ಹೀಗೆ ಹವ್ಯಾಸವಾಯಿತು, ಹವ್ಯಾಸ ಮುಂದೆ ಕಸುಬಾಯಿತು.

ಯಾವ ಆಂಟೆನಾ ಎಂಬ ಚರ್ಚೆ ಮೊದಲ ದಿನದಿಂದಲೂ ಇತ್ತು. ಚಿಪ್ಸ್ ಡಬ್ಬಿ ಹಿಡಿದು ಕಾರು ಓಡಿಸಿದವರು ಬೇಗ ಕೈಬಿಟ್ಟರು. ಡಬ್ಬಿಯ ಬಾಯಿ ನೋಡುವ ಕಿರಿದಾದ ಕೋನದಲ್ಲಿ ಮನೆಯೊಂದು ಬಂದು ಹೋಗಲು ಒಂದೆರಡು ಕ್ಷಣ, ಅಷ್ಟರಲ್ಲಿ ಕಾರ್ಡ್ ಅದನ್ನು ಗುರುತಿಸಿದರೆ ಪುಣ್ಯ. ಓಡಾಡುವವರಿಗೆ ಸುತ್ತಲೂ ಒಂದೇ ಸಮ ಕೇಳುವ, ಬುಡದಲ್ಲಿ ಅಯಸ್ಕಾಂತವಿದ್ದು ಕಾರಿನ ತಗಡಿಗೆ ಕಚ್ಚಿಕೊಳ್ಳುವ ಐದು ಡಿಬಿಐ ಕಡ್ಡಿಯೇ ವಾಸಿ. ಕಾರಿನ ಒಳಗಿಟ್ಟರೆ ಗಾಜು ತಗಡುಗಳೇ ಅರ್ಧ ನುಂಗುತ್ತವೆ. ಹೊರಗೆ ಇಟ್ಟರೆ ಆ ತಗಡಿನ ಮಾಡೇ ಆಂಟೆನಾಕ್ಕೆ ನೆಲವಾಗಿ ಒದಗುತ್ತದೆ. ಒಂದು ಸಿಗ್ನಲ್ ಎಲ್ಲಿಂದ ಬರುತ್ತಿದೆ ಎಂದು ಬೆನ್ನುಹತ್ತುವಾಗ ಮಾತ್ರ ಯಾಗಿಯೋ ಡಬ್ಬಿಯೋ ಪ್ಯಾನೆಲ್ಲೋ ಕೈಗೆ ಬರಬೇಕು.

ಕೇಬಲ್ಲಿನ ಪಾಠ ಇದಕ್ಕಿಂತ ಕಹಿ. ಕಾರ್ಡಿನ ಪುಟ್ಟ ತೂತಿನಿಂದ ಆಂಟೆನಾದ ದಪ್ಪ ಕನೆಕ್ಟರಿಗೆ ಹೋಗುವ ಗೇಣುದ್ದದ ‘ಪಿಗ್‌ಟೇಲ್’ ವೈರು ತೆಳ್ಳಗಿರಲೇಬೇಕು. ಆದರೆ ಅದನ್ನೇ ಉದ್ದ ಮಾಡಿದರೆ 2.4 ಗಿಗಾಹರ್ಟ್ಸ್‌ನಲ್ಲಿ ಮೀಟರಿಗೆ ಸುಮಾರು ಎರಡು ಡೆಸಿಬೆಲ್ ಹೋಗುತ್ತದೆ. ಹಳೆಯ ಕಂಪ್ಯೂಟರ್ ಜಾಲಗಳಲ್ಲಿ ಬಳಕೆಯಲ್ಲಿದ್ದ ಆರ್‌ಜಿ–58 ಕೇಬಲ್ ಮೀಟರಿಗೆ ಒಂದು ಡೆಸಿಬೆಲ್ಲಿನಷ್ಟು ತಿನ್ನುತ್ತದೆ. ಮೂರು ಡೆಸಿಬೆಲ್ ಅಂದರೆ ಅರ್ಧಕ್ಕರ್ಧ. ಮಾಡಿನ ಮೇಲೆ ಒಂಬತ್ತು ಡಿಬಿಐ ಆಂಟೆನಾ ಏರಿಸಿ ಕೆಳಗಿನ ಕೋಣೆಗೆ ಹತ್ತು ಮೀಟರ್ ಆರ್‌ಜಿ–58 ಎಳೆದವರ ಕೈಗೆ ಬಂದದ್ದು ಗೇನೇ ಇಲ್ಲದ ಆಂಟೆನಾದ ಲೆಕ್ಕಕ್ಕಿಂತಲೂ ಒಂದು ಡೆಸಿಬೆಲ್ ಕಡಿಮೆ. ಬೆರಳುಗಾತ್ರದ ಎಲ್‌ಎಂಆರ್–400 ಮೀಟರಿಗೆ ಕಾಲು ಡೆಸಿಬೆಲ್ಲೂ ನುಂಗುವುದಿಲ್ಲ, ಆದರೆ ದುಬಾರಿ, ಬಗ್ಗುವುದೂ ಇಲ್ಲ. ಅದಕ್ಕೇ ಜಾಣರು ಆಂಟೆನಾದ ಬುಡಕ್ಕೇ ರೇಡಿಯೊ ಒಯ್ದರು, ಕೆಳಗಿನಿಂದ ನೆಟ್‌ವರ್ಕ್ ಕೇಬಲ್ಲನ್ನಷ್ಟೇ ಎಳೆದರು. ಬೂಸ್ಟರನ್ನು ಆಂಟೆನಾದ ಬುಡಕ್ಕೇ ಕಟ್ಟಿದ ಮಲೆನಾಡಿನವರ ಬುದ್ಧಿಯೇ ಇದು.

ಕನೆಕ್ಟರುಗಳದ್ದೊಂದು ತಮಾಷೆಯ ಇತಿಹಾಸ. ಜನ ತಮಗೆ ತೋಚಿದ ದೊಡ್ಡ ಆಂಟೆನಾ ತಗಲಿಸಿ ಊರಿಗೆಲ್ಲ ಗದ್ದಲ ಹಬ್ಬಿಸಬಾರದೆಂದು ಎಫ್‌ಸಿಸಿ ಒಂದು ನಿಯಮ ಮಾಡಿತ್ತು. ಅಂಗಡಿಯಲ್ಲಿ ಸುಲಭಕ್ಕೆ ಸಿಗದ ವಿಶೇಷ ಕನೆಕ್ಟರನ್ನೇ ಲೈಸೆನ್ಸ್ ಇಲ್ಲದ ರೇಡಿಯೊಗಳಿಗೆ ಹಾಕಬೇಕು ಎಂದು. ತಯಾರಕರು ಮಾಮೂಲಿ ಎಸ್‌ಎಂಎ ಕನೆಕ್ಟರಿನ ನಡುವಿನ ಸೂಜಿಯನ್ನು ಅದಲುಬದಲು ಮಾಡಿ ಆರ್‌ಪಿ–ಎಸ್‌ಎಂಎ ಎಂದರು. ಕೆಲವೇ ವರ್ಷಗಳಲ್ಲಿ ಆ ‘ವಿಶೇಷ’ವೇ ಬೀದಿಬೀದಿಯ ಸರಕಾಯಿತು. ನಿಯಮ ತಡೆಯಲು ಹೊರಟದ್ದು ತಡೆಯಲಿಲ್ಲ, ಗೊಂದಲ ಮಾತ್ರ ಉಳಿಯಿತು. ಇವತ್ತಿಗೂ ಒಂದು ಬದಿ ಆರ್‌ಪಿ, ಇನ್ನೊಂದು ಬದಿ ಮಾಮೂಲಿ ಕೊಂಡವರು ಎರಡೂ ಕಡೆ ತೂತೇ ಇರುವುದನ್ನು ಕಂಡು ತಲೆ ಕೆರೆದುಕೊಳ್ಳುತ್ತಾರೆ. ತಿರುಪು ಚೆನ್ನಾಗಿ ಕೂರುತ್ತದೆ, ಸಿಗ್ನಲ್ ದಾಟುವುದಿಲ್ಲ.

ದೂರದ ಹುಚ್ಚು ಬೇರೆ. 2005ರಲ್ಲಿ ಡೆಫ್‌ಕಾನಿನ ಸ್ಪರ್ಧೆಯಲ್ಲಿ ಅಮೆರಿಕದ ಯುವಕರ ತಂಡವೊಂದು ದೊಡ್ಡ ಡಿಶ್‌ಗಳನ್ನು ಎದುರುಬದುರು ನಿಲ್ಲಿಸಿ ನೆವಾಡ–ಯೂಟಾ ಗುಡ್ಡಗಳ ನಡುವೆ 125 ಮೈಲಿ ವೈಫೈ ದಾಟಿಸಿತು. ವೆನೆಜುವೆಲಾದ ಎರ್ಮಾನ್ನೊ ಪಿಯೆತ್ರೊಸೆಮೊಲಿ ಆಂಡಿಸ್ ಪರ್ವತದ ತುದಿಯಿಂದ 2006ರಲ್ಲಿ 279 ಕಿಲೊಮೀಟರ್, 2007ರಲ್ಲಿ 382 ಕಿಲೊಮೀಟರ್ ಮುಟ್ಟಿದರು. ಅಷ್ಟು ದೂರಕ್ಕೆ ಭೂಮಿಯ ಉಬ್ಬೇ ಅಡ್ಡ ಬರುವುದರಿಂದ ಪರ್ವತ ಬೇಕಾಯಿತು. ನಮ್ಮ ದೇಶದಲ್ಲಿ ಐಐಟಿ ಕಾನ್ಪುರದ ‘ಡಿಜಿಟಲ್ ಗ್ಯಾಂಜೆಟಿಕ್ ಪ್ಲೇನ್’ ಯೋಜನೆ ಗಂಗಾ ಬಯಲಿನಲ್ಲಿ ಎತ್ತರದ ಗೋಪುರಗಳ ಮೇಲೆ 24 ಡಿಬಿಐ ಜಾಲರಿ ಬಟ್ಟಲುಗಳನ್ನು ಏರಿಸಿ ಹಳ್ಳಿಗಳನ್ನು ಜೋಡಿಸಿತು. ಅಲ್ಲಿ ಗುಡ್ಡವಿಲ್ಲ, ಗೋಪುರವೇ ಗುಡ್ಡ. ತಮಿಳುನಾಡಿನ ಥೇಣಿಯ ಅರವಿಂದ ಕಣ್ಣಾಸ್ಪತ್ರೆ ಬರ್ಕ್‌ಲಿ ವಿಶ್ವವಿದ್ಯಾಲಯದವರ ನೆರವಿನಿಂದ ಇದೇ ಬಗೆಯ ಆಂಟೆನಾಗಳ ಮೂಲಕ ಹಳ್ಳಿಯ ರೋಗಿಗಳನ್ನು ವಿಡಿಯೊದಲ್ಲಿ ನೋಡತೊಡಗಿತು. ದಾಖಲೆಗಳಿಗಿಂತ ಈ ಕಣ್ಣಿನ ಡಾಕ್ಟರರ ಕೆಲಸವೇ ದೊಡ್ಡದು ಎನ್ನದೆ ವಿಧಿಯಿಲ್ಲ.

ಭಾರತ ಸರ್ಕಾರ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಬಯಲಿನ ಬಳಕೆಗೂ ಲೈಸೆನ್ಸ್‌ನಿಂದ ಬಿಡುಗಡೆ ಮಾಡಿದ್ದು 2005ರ ಜನವರಿಯಲ್ಲಿ. ಅದಕ್ಕೆ ಮೂರು ಷರತ್ತು: ಟ್ರಾನ್ಸ್‌ಮಿಟರಿನ ಶಕ್ತಿ ಒಂದು ವಾಟ್ ಮೀರಬಾರದು, ಆಂಟೆನಾದ ಗೇನ್ ಸೇರಿ ನಾಲ್ಕು ವಾಟ್ ಮೀರಬಾರದು, ಆಂಟೆನಾ ಕಟ್ಟಡದ ಮಾಡಿನಿಂದ ಐದು ಮೀಟರಿಗಿಂತ ಮೇಲೇರಬಾರದು. ಒಂದು ವಾಟಿಗೆ ಆರು ಡಿಬಿಐ ಸೇರಿದರೆ ನಾಲ್ಕು ವಾಟ್ ಆಗಿಯೇ ಹೋಯಿತು. ಸುಮ್ಮನೆ ಕಿವಿಗೊಡುವ ಸರ್ವೆಗೆ ಈ ಮಿತಿ ತಾಗದು, ತಾಗುವುದು ಮಾತಾಡುವ ಉಪಕರಣಕ್ಕೆ. 2008ರ ಜುಲೈನ ಅಹಮದಾಬಾದ್ ಸ್ಫೋಟಗಳ ಬೆದರಿಕೆ ಇಮೇಲ್ ನವಿ ಮುಂಬಯಿಯ ಮನೆಯೊಂದರ ಬೀಗವಿಲ್ಲದ ವೈಫೈ ಮೂಲಕ ಹೋಗಿತ್ತೆಂದು ಗೊತ್ತಾದ ಮೇಲೆ, 2009ರ ಆರಂಭದಲ್ಲಿ ಮುಂಬಯಿ ಪೊಲೀಸರೇ ಬೀಗವಿಲ್ಲದ ವೈಫೈಗಳನ್ನು ಹುಡುಕಿಕೊಂಡು ಬೀದಿಗಿಳಿಯುವುದಾಗಿ ಪ್ರಕಟಿಸಿದರು. ಶಿಪ್ಲಿಯವರ ಹವ್ಯಾಸ ಎಂಟೇ ವರ್ಷದಲ್ಲಿ ಪೊಲೀಸು ಕೆಲಸವಾಗಿತ್ತು.

ಇವತ್ತು ಆಸ್ಪತ್ರೆ, ಗೋದಾಮು, ಐಟಿ ಕಚೇರಿಗಳಲ್ಲಿ ವೈಫೈ ಸರ್ವೆ ಮಾಡುವವರದ್ದು ತದ್ವಿರುದ್ಧ ಸಮಸ್ಯೆ. ಕಟ್ಟಡದ ನಕ್ಷೆಯ ಮೇಲೆ ಹೆಜ್ಜೆ ಹೆಜ್ಜೆಗೂ ಕ್ಲಿಕ್ ಮಾಡುತ್ತ ನಡೆದು ಅವರು ಹಸಿರು–ಕೆಂಪು ಬಣ್ಣದ ಚಿತ್ರ ಬರೆಯುತ್ತಾರೆ. ಅವರ ಯುಎಸ್‌ಬಿ ಅಡಾಪ್ಟರಿಗೆ ಒಂಬತ್ತು ಡಿಬಿಐ ಕಡ್ಡಿ ಇದ್ದರೆ ಚಿತ್ರವೆಲ್ಲ ಹಸಿರೇ. ಆಮೇಲೆ ನರ್ಸಿನ ಕೈಯಲ್ಲಿರುವ ಫೋನು, ಅದರೊಳಗಿನ ಬಡಪಾಯಿ ಆಂಟೆನಾ, ಅದೇ ಜಾಗದಲ್ಲಿ ಕರೆ ಕಳೆದುಕೊಳ್ಳುತ್ತದೆ. ಧ್ವನಿ ಕರೆಗೆ ಸಾಮಾನ್ಯವಾಗಿ −67 ಡಿಬಿಎಂ ಮಟ್ಟದ ಸಿಗ್ನಲ್ ಬೇಕೆಂಬ ಲೆಕ್ಕ ಅಳೆದ ಆಂಟೆನಾದ್ದಲ್ಲ, ಬಳಸುವ ಆಂಟೆನಾದ್ದು. ಜೊತೆಗೆ ಗೇನ್ ಹೆಚ್ಚಿದಷ್ಟೂ ಉದ್ದ ಕಡ್ಡಿಯ ನೋಟ ಚಪ್ಪಟೆಯಾಗಿ ಮೇಲಿನ, ಕೆಳಗಿನ ಅಂತಸ್ತುಗಳು ಕಾಣದಾಗುತ್ತವೆ. ಆದ್ದರಿಂದ ಬಲ್ಲವರು ವ್ಯಾಪ್ತಿ ಅಳೆಯುವಾಗ ಎರಡು ಡಿಬಿಐ ಮೋಟು ಆಂಟೆನಾ ಇಟ್ಟುಕೊಂಡು, ಗದ್ದಲದ ಮೂಲ ಹುಡುಕುವಾಗಷ್ಟೇ ಯಾಗಿ ತೆಗೆಯುತ್ತಾರೆ. ಅಡಾಪ್ಟರನ್ನು ಎದೆಗೊತ್ತಿ ನಡೆಯದೆ ಮೈಯಿಂದ ದೂರ ಹಿಡಿಯುತ್ತಾರೆ. 2.4 ಗಿಗಾಹರ್ಟ್ಸ್ ಅಲೆಗೆ ನೀರು ಅಡ್ಡಿ, ಮನುಷ್ಯನ ಮೈಯೆಂದರೆ ಬಹುಪಾಲು ನೀರೇ.

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲೋ ಆನ್‌ಲೈನಿನಲ್ಲೋ ಹೊರಗಿನ ಆಂಟೆನಾ ಕೊಳ್ಳಲು ಹೊರಟವರು ಪೊಟ್ಟಣದ ಮೇಲಿನ ಡಿಬಿಐ ಅಂಕಿಯನ್ನು ಕೊನೆಗೆ ನೋಡಲಿ. ಗೇಣುದ್ದದ ಪ್ಲಾಸ್ಟಿಕ್ ಕಡ್ಡಿಗೆ ಮೂವತ್ತು ಡಿಬಿಐ ಎಂದು ಬರೆದಿದ್ದರೆ ಅದು ಸುಳ್ಳು. ಆ ಉದ್ದಕ್ಕೆ ಐದರ ಆಸುಪಾಸು ಬಂದರೆ ಹೆಚ್ಚು. ಮೊದಲು ತಮ್ಮ ಉಪಕರಣದ ಕನೆಕ್ಟರಿನ ನಡುವೆ ಸೂಜಿಯಿದೆಯೋ ತೂತಿದೆಯೋ ನೋಡಲಿ, ಆಮೇಲೆ ಕೇಬಲ್ಲಿನ ಹೆಸರು ಮತ್ತು ಉದ್ದ ಕೇಳಲಿ, ಆಂಟೆನಾ ಯಾವ ಪಟ್ಟಿಯದು, 2.4ರದೋ 5ರದೋ ಎರಡರದೋ ಎಂಬುದನ್ನು ಖಚಿತ ಮಾಡಿಕೊಳ್ಳಲಿ. ಹುಡುಕುವುದು ಒಂದೇ ದಿಕ್ಕಿನಲ್ಲೋ ಸುತ್ತಲೋ ಎಂದು ನಿರ್ಧಾರವಾಗದಿದ್ದರೆ, ಅಡಾಪ್ಟರಿನ ಜೊತೆ ಬಂದ ಮೋಟು ಕಡ್ಡಿಯಲ್ಲೇ ಒಂದು ಸುತ್ತು ಹಾಕಿ ಬಂದು ನಂತರ ದುಡ್ಡು ಬಿಚ್ಚುವುದು ಒಳ್ಳೆಯದು.